ಬೆರಳ ತುದಿಯ ಪ್ರಮಾಣ

ಸೆಪ್ಟಿಕ್ ಶಾಕ್ ಆದ ರೋಗಿ ಐಸಿಯುನಲ್ಲಿದ್ದಾನೆ. ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಹೋಗುತ್ತಿದೆ, ಮಾನಿಟರ್‌ನಲ್ಲಿ ಸರಾಸರಿ ರಕ್ತದೊತ್ತಡ 65. ಅಂಕಿಯ ಲೆಕ್ಕಕ್ಕೆ ಸರಿಯೇ. ಆದರೆ ಮಂಡಿಯ ಚರ್ಮ ನೇರಳೆಗಟ್ಟಿದೆ, ಬೆರಳು ತಣ್ಣಗಿದೆ. ಯಾವುದನ್ನು ನಂಬುವುದು?

ನಮ್ಮ ನ್ಯಾಯದರ್ಶನದವರು ಶತಮಾನಗಳ ಕಾಲ ಜಗ್ಗಾಡಿದ ಪ್ರಶ್ನೆಯಿದು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಕೆಂಪಗೆ ಕಾದ ಕಬ್ಬಿಣದಲ್ಲಿ ಹೊಗೆಯೆಲ್ಲಿ? ಅದಕ್ಕೆ ಹಸಿ ಸೌದೆ ಬೇಕು. ಹೀಗೆ ಮರೆಯಲ್ಲಿದ್ದು ಅನುಮಾನವನ್ನು ಕೆಡಿಸುವ ಷರತ್ತನ್ನು ಅವರು ಉಪಾಧಿ ಎಂದರು.

ಲ್ಯಾಕ್ಟೇಟ್‌ನ ಕಥೆಯೂ ಇದೇ. ರಕ್ತದಲ್ಲಿ ಅದು ಏರಿದರೆ ಅಂಗಾಂಗಗಳಿಗೆ ಆಮ್ಲಜನಕ ಸಾಲುತ್ತಿಲ್ಲ ಎಂದು ವೈದ್ಯರು ಊಹಿಸುತ್ತಾರೆ. ಆದರೆ ಅಡ್ರಿನಲಿನ್ ಉಕ್ಕಿದರೂ ಲ್ಯಾಕ್ಟೇಟ್ ಏರುತ್ತದೆ. ಲಿವರ್ ಸೋತರೆ ಬೇಗ ಇಳಿಯುವುದಿಲ್ಲ. ಅದನ್ನು ಇಳಿಸಲೆಂದೇ ಡ್ರಿಪ್ ಏರಿಸುತ್ತ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬೀತು.

ಇನ್ನೂ ಒಳಹೊಕ್ಕು ನೋಡಿದರೆ? ಸ್ವಾನ್ ಮತ್ತು ಗ್ಯಾಂಜ್ 1970ರಲ್ಲಿ ವರದಿ ಮಾಡಿದ ಬಲೂನಿನ ಕ್ಯಾಥೆಟರ್, ಹೃದಯದ ಮೂಲಕ ಶ್ವಾಸಕೋಶದ ಅಪಧಮನಿಯನ್ನೇ ತಲುಪಿ ಒತ್ತಡ ಅಳೆಯಿತು. ದಶಕಗಳ ಬಳಕೆಯ ನಂತರ, 2005ರಲ್ಲಿ ಬ್ರಿಟನ್ನಿನ ಪ್ಯಾಕ್-ಮ್ಯಾನ್ ಅಧ್ಯಯನ ಲೆಕ್ಕ ಹಾಕಿತು: ಅದನ್ನು ಹಾಕಿದ ರೋಗಿಗಳಲ್ಲಿ ಸಾವು ಕಡಿಮೆಯಾಗಿರಲಿಲ್ಲ.

ಚಿಲಿಯ ವೈದ್ಯರ ಮುಂದಾಳತ್ವದಲ್ಲಿ ಲ್ಯಾಟಿನ್ ಅಮೆರಿಕದ 5 ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಅಧ್ಯಯನ ಬೆರಳಿಗೆ ಮರಳಿತು. ತೋರುಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ಬಿಳುಪಾಗುವಷ್ಟು ಒತ್ತಿ, 10 ಸೆಕೆಂಡ್ ಹಿಡಿದು ಬಿಡುವುದು. ಕೆಂಪು ಮರಳಲು 3 ಸೆಕೆಂಡಿಗಿಂತ ಹೆಚ್ಚಾದರೆ ರಕ್ತಸಂಚಾರ ಸಾಲದು. ಅರ್ಧ ಗಂಟೆಗೊಮ್ಮೆ ಇದೇ ಪರೀಕ್ಷೆ. 424 ರೋಗಿಗಳಲ್ಲಿ 28 ದಿನದೊಳಗಿನ ಸಾವು ಬೆರಳನ್ನು ಅನುಸರಿಸಿದ ಗುಂಪಿನಲ್ಲಿ ಶೇ. 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ. 43.4. ಅಂತರ ದೊಡ್ಡದೇ, ಆದರೂ ಸಂಖ್ಯಾಶಾಸ್ತ್ರದ ಗೆರೆ ದಾಟಲು ಕೂದಲೆಳೆಯಷ್ಟು ಸಾಲಲಿಲ್ಲ.

ಯಂತ್ರ ಸೋತಿತು, ಪ್ರತ್ಯಕ್ಷ ಗೆದ್ದಿತು ಎಂದು ಕುಣಿಯುವಂತಿಲ್ಲ. ಕಣ್ಣಿಗೆ ಕಂಡದ್ದು ಬೆರಳು. ಕಿಡ್ನಿಯ ಸ್ಥಿತಿ ಊಹೆಯೇ. ಕೋಣೆ ತಣ್ಣಗಿದ್ದರೂ ಬೆರಳು ತಡಮಾಡುತ್ತದೆ: ಇಲ್ಲಿಯೂ ಉಪಾಧಿ. ಆದರೆ ಡ್ರಿಪ್ಪಿಗೋ ಔಷಧಿಗೋ ಬೆರಳು ನಿಮಿಷಗಳಲ್ಲಿ ಉತ್ತರ ಕೊಡುತ್ತದೆ, ತಪ್ಪು ಬೇಗ ಹೊರಬೀಳುತ್ತದೆ. ಜ್ಞಾನ ಪ್ರಮಾಣವೆನಿಸಿಕೊಳ್ಳಲು ಅದನ್ನು ನಂಬಿ ಮಾಡಿದ ಕೆಲಸ ಫಲಿಸಬೇಕು ಎಂದಿದ್ದ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ. ನೀರೆಂದು ಕಂಡದ್ದು ಬಾಯಾರಿಕೆ ನೀಗಿಸಬೇಕು. 2025ರ ಇನ್ನೂ ದೊಡ್ಡ ಆಂಡ್ರೊಮಿಡಾ ಅಧ್ಯಯನದಲ್ಲಿ ಸಾವಿನ ಪ್ರಮಾಣ ಬೆರಳ ಗುಂಪಿನಲ್ಲೂ ಎಂದಿನ ಚಿಕಿತ್ಸೆಯ ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ. ಬೆರಳ ಗುಂಪಿನವರಿಗೆ ಔಷಧಿ, ಯಂತ್ರಗಳ ಆಸರೆ ಬೇಕಾದ ಅವಧಿ ಮಾತ್ರ ಕಡಿಮೆ. ಇಷ್ಟು ಫಲ ಸಾಕೇ ಎಂದು ನೈಯಾಯಿಕನನ್ನು ಕೇಳಿದ್ದರೆ ವಾದಕ್ಕೆ ಕೂತೇ ಬಿಡುತ್ತಿದ್ದ.