ಅರೆ ನಿಮಿಷದ ಗೆರೆ



ಬಂಧುಗಳೇ, ಇಂದಿನ ಚಿಂತನೆಗೆ ಒಂದು ಪ್ರಶ್ನೆ. ಮನುಷ್ಯರ ಚಿತ್ರ ಬರೆಯಲು ಈಗಷ್ಟೇ ಕಲಿಯುತ್ತಿರುವವರು ಅರೆ ನಿಮಿಷ, ಒಂದು ನಿಮಿಷದಲ್ಲಿ ಮುಗಿಯುವ ವೇಗದ ರೇಖಾಚಿತ್ರಗಳಿಂದ ಶುರು ಮಾಡಬೇಕೆ? ಅಥವಾ ಕಣ್ಣು, ಮೂಗು, ಬೆರಳು ಎಂದು ಒಂದೊಂದನ್ನೂ ಅಳತೆ ಹಿಡಿದು ನಿಧಾನವಾಗಿ ಕಲಿಯಬೇಕೆ? ನಾನು ಕನ್ನಡ ಮೇಷ್ಟ್ರು, ಚಿತ್ರಕಲಾ ಶಿಕ್ಷಕನಲ್ಲ. ಆದರೂ ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿದೆ. ಒಬ್ಬ ಮನುಷ್ಯನನ್ನು ಹೇಗೆ ನೋಡಬೇಕು ಎಂಬ ಪ್ರಶ್ನೆಯೂ ಇದರೊಳಗೇ ಇದೆ.

ಈ ವೇಗದ ಚಿತ್ರಗಳಿಗೆ ಜೆಸ್ಚರ್ ಸ್ಕೆಚ್ ಎನ್ನುತ್ತಾರೆ. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಕಲಿಸುತ್ತಿದ್ದ ಕಿಮೋನ್ ನಿಕೊಲೈಡಿಸ್ ಇದಕ್ಕೊಂದು ಪಾಠಕ್ರಮ ಕಟ್ಟಿದರು. ಅವರು ತೀರಿಕೊಂಡ ಮೇಲೆ, 1941ರಲ್ಲಿ, ಅದು ‘ದಿ ನ್ಯಾಚುರಲ್ ವೇ ಟು ಡ್ರಾ’ ಎಂಬ ಪುಸ್ತಕವಾಗಿ ಬಂತು. ಎದುರಿಗಿರುವವರು ಹೇಗೆ ಕಾಣುತ್ತಾರೆ ಎನ್ನುವುದಕ್ಕಿಂತ ಅವರ ದೇಹ ಏನು ಮಾಡುತ್ತಿದೆ ಎಂಬುದನ್ನು ಮೊದಲು ಹಿಡಿಯಬೇಕು ಎಂಬುದು ಈ ಅಭ್ಯಾಸದ ತಿರುಳು.

ಇದನ್ನು ಒಪ್ಪದವರ ಮಾತಿನಲ್ಲೂ ಹುರುಳಿದೆ. ಅಕ್ಷರ ದುಂಡಗಾಗುವ ಮೊದಲೇ ವೇಗವಾಗಿ ಬರೆಯುವ ಮಗುವಿನ ಬರಹ ಕೆಡುತ್ತದೆ. ಹಾಗೆಯೇ ಅಳತೆ ಗೊತ್ತಿಲ್ಲದವರಿಗೆ ವೇಗ ಕೊಟ್ಟರೆ ಗೀಚುವ ಚಾಳಿಯೇ ಉಳಿದೀತು ಎಂದು ಅವರು ಹೇಳುತ್ತಾರೆ.

ಆದರೆ ಸಮಯ ಕೊಟ್ಟಾಗ ಏನಾಗುತ್ತದೆ ನೋಡಿ. ಎದುರಿಗೆ ಯಾರೇ ನಿಂತಿರಲಿ, ಮಕ್ಕಳು ಬರೆಯುವುದು ಅದೇ ಮೀನಿನಾಕಾರದ ಕಣ್ಣು, ಅದೇ ಕಡ್ಡಿಯಂಥ ಕೈ. ತಲೆಯಲ್ಲಿ ಮೊದಲೇ ಒಂದು ಅಚ್ಚು ಕೂತಿರುತ್ತದೆ. ಹೆಚ್ಚು ಹೊತ್ತು ಕೊಟ್ಟಷ್ಟೂ ರಬ್ಬರ್ ಹಿಡಿದು ಆ ಅಚ್ಚನ್ನೇ ತಿದ್ದಿ ತೀಡುತ್ತಾರೆ. ಅರೆ ನಿಮಿಷದಲ್ಲಿ ಅಚ್ಚು ಒತ್ತಲು ಪುರುಸೊತ್ತಿಲ್ಲ. ಬೆನ್ನು ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ ಎಂದು ನೋಡಲೇಬೇಕು.

ನಮ್ಮ ಶಾಲೆಯ ಹುಡುಗಿಯೊಬ್ಬಳು ತನ್ನ ಅವ್ವ ಬೀದಿ ಗುಡಿಸುವುದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಹೀಗೆ ಬರೆದಿದ್ದಳು. ಮುಖವಿಲ್ಲ, ಸೀರೆಯ ಅಂಚಿಲ್ಲ. ಕುತ್ತಿಗೆಯಿಂದ ಸೊಂಟಕ್ಕೆ, ಸೊಂಟದಿಂದ ಹಿಮ್ಮಡಿಗೆ ಒಂದು ಗೆರೆ. “ಸರ್, ಅವ್ವ ಎಡಗಾಲಿನ ಮೇಲೇ ಭಾರ ಹಾಕ್ತಾಳೆ. ಬರೆಯೋ ತನಕ ನಂಗೆ ಗೊತ್ತೇ ಇರ್ಲಿಲ್ಲ” ಎಂದಳು. ಅದೇ ಬೀದಿಯಲ್ಲಿ ದಿನವೂ ಓಡಾಡುವ ಎಷ್ಟೋ ಜನರಿಗೆ ಆ ತಾಯಿ ಬರೀ ಒಂದು ಪೊರಕೆ. ಮಗಳ ಗೆರೆಗೆ ಆಕೆಯ ಬಲಗಾಲಿನ ನೋವು ಕಂಡಿತು.

ಇನ್ನೊಂದು ಮಾತು. ಗಂಟೆಗಟ್ಟಲೆ ಅಲುಗಾಡದೆ ಕೂತು ಚಿತ್ರ ಬರೆಸಿಕೊಳ್ಳಲು ಬಿಡುವಿದ್ದದ್ದು ರಾಜರಿಗೆ, ಸಾಹುಕಾರರಿಗೆ. ದುಡಿಯುವವರು ಕೂರುವುದಿಲ್ಲ, ಹಸಿದವರನ್ನು ಕೂರು ಎನ್ನಲಾಗದು. 1943ರ ಬಂಗಾಳದ ಬರಗಾಲದಲ್ಲಿ ಜೈನುಲ್ ಅಬೇದಿನ್ ಕಲ್ಕತ್ತದ ಬೀದಿಗಳಲ್ಲಿ ಕಂಡ ಹಸಿದವರನ್ನು ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯ ಕೆಲವೇ ಗೆರೆಗಳಲ್ಲಿ ಬರೆದರು. ಆ ಗೆರೆಗಳು ಇಂದಿಗೂ ಸಾಕ್ಷಿ ಹೇಳುತ್ತಿವೆ.

ಆದರೆ ಇಲ್ಲೊಂದು ತೊಡಕಿದೆ. ಜಾತಿಯ ನೋಟವೂ ಅರೆ ನಿಮಿಷದ್ದೇ ಅಲ್ಲವೆ? ಹೆಸರು ಕೇಳಿ, ಊರು ಕೇಳಿ, ಕೇರಿ ಕೇಳಿ, ಅಷ್ಟರಲ್ಲೇ ಮನುಷ್ಯನ ಚಿತ್ರ ಮುಗಿಸಿಬಿಡುತ್ತದೆ. ಹಾಗಾದರೆ ಬೇಗ ನೋಡುವುದನ್ನು ನಾವು ಹೊಗಳುವುದು ಹೇಗೆ?

ವ್ಯತ್ಯಾಸ ಹಾಳೆ ತಿರುವುವುದರಲ್ಲಿದೆ. ಕಲಿಯುವವನು ಬೇಗ ಬರೆಯುತ್ತಾನೆ, ಆದರೆ ಅದೇ ಕೊನೆ ಎನ್ನುವುದಿಲ್ಲ. ಹಾಳೆ ತಿರುವಿ ಮತ್ತೆ ನೋಡುತ್ತಾನೆ. ಅದೇ ವ್ಯಕ್ತಿಯನ್ನು 20 ಸಲ ಬರೆದರೆ 20 ಚಿತ್ರವೂ ಬೇರೆ ಬೇರೆ. ಯಾವುದಕ್ಕೂ ಅವನು ಅಂಟಿಕೊಳ್ಳುವುದಿಲ್ಲ. ಜಾತಿ ಒಂದೇ ಸಲ ಬರೆದು, ತಲೆತಲಾಂತರ ಅದೇ ಹಾಳೆಯನ್ನು ಹಿಡಿದು ಕೂರುತ್ತದೆ. ಸತಿಪಟ್ಠಾನದಲ್ಲಿ ಬುದ್ಧ ಗುರುಗಳು ನಡೆಯುವಾಗ, ನಿಂತಾಗ, ಕೂತಾಗ, ಮಲಗಿದಾಗ ದೇಹ ಇರುವುದನ್ನು ಇದ್ದಂತೆ ಅರಿಯಲು ಹೇಳಿದರು. ಅದು ಒಂದು ಸಲ ಮಾಡಿ ಬಿಡುವ ಕೆಲಸವಲ್ಲ.

ವೇಗ ಒಂದೇ ಸಾಲದು ಎಂಬುದನ್ನೂ ಮರೆಯಬಾರದು. ನಿಕೊಲೈಡಿಸ್ ಪುಸ್ತಕದ ಮೊದಲ ಭಾಗದಲ್ಲೇ ಇನ್ನೊಂದು ಅಭ್ಯಾಸವೂ ಇದೆ. ಕಾಗದ ನೋಡದೆ, ಎದುರಿಗಿರುವ ದೇಹದ ಅಂಚಿನ ಮೇಲೇ ಕಣ್ಣಿಟ್ಟು, ಮುಟ್ಟಿ ನೋಡುವಷ್ಟು ನಿಧಾನವಾಗಿ ಗೆರೆ ಎಳೆಯುವುದು. ನಮ್ಮ ಉಡುಪಿ ಸೀಮೆಯ ಕೆ.ಕೆ. ಹೆಬ್ಬಾರರು ಕುಣಿಯುವ ದೇಹವನ್ನು ನಾಲ್ಕಾರು ಗೆರೆಗಳಲ್ಲಿ ತೋರಿಸಿಬಿಡುತ್ತಿದ್ದರು. ಆದರೆ ಲಯ ತಿಳಿಯಬೇಕೆಂದು ಅವರು ಕಥಕ್ ನೃತ್ಯವನ್ನೇ ಕಲಿತಿದ್ದರು. ಆ ವೇಗದ ಹಿಂದೆ ಅಷ್ಟು ತಾಳ್ಮೆ ಇತ್ತು.

ಹಾಗಾಗಿ ನನ್ನ ಉತ್ತರ ಇಷ್ಟು: ಹೌದು, ಕಲಿಯುವವರು ಮೊದಲ ದಿನದಿಂದಲೇ ಬೇಗ ಬರೆಯಲಿ, ಜೊತೆಗೆ ದಿನಕ್ಕೊಂದಾದರೂ ನಿಧಾನದ ಚಿತ್ರವಿರಲಿ. ಬೇಗ ಬರೆದದ್ದು ಅಚ್ಚನ್ನು ಒಡೆಯುತ್ತದೆ, ನಿಧಾನ ಬರೆದದ್ದು ಅವಸರದ ತೀರ್ಪನ್ನು ತಡೆಯುತ್ತದೆ.

ಇಂದು ಸಂಜೆ ಒಂದು ಹಳೆಯ ನೋಟ್‌ಬುಕ್ ಮತ್ತು ಪೆನ್ಸಿಲ್ ತೆಗೆದುಕೊಳ್ಳಿ. ಮನೆಯಲ್ಲಿ ಕೆಲಸ ಮಾಡುತ್ತಿರುವ ಯಾರನ್ನಾದರೂ ಅರೆ ನಿಮಿಷದಲ್ಲಿ ಬರೆಯಿರಿ. ಚಿತ್ರ ಚೆನ್ನಾಗಿ ಬರದಿದ್ದರೆ ಚಿಂತೆಯಿಲ್ಲ. ಹಾಳೆ ತಿರುವಿ, ಮತ್ತೊಮ್ಮೆ ಅವರನ್ನು ನೋಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.