ತಾಯಿಯ ಕಣ್ಣೀರು ಅಪರಾಧವೇ?

ನವರಾತ್ರಿಯ ಒಂಬತ್ತು ದಿನವೂ ನಾವು ಜಗನ್ಮಾತೆಯನ್ನು ಆರಾಧಿಸುತ್ತೇವೆ. ಆಕೆ ಕರುಣಾಮಯಿ, ಎಂದೂ ದಣಿಯದವಳು ಎಂದು ಕೊಂಡಾಡುತ್ತೇವೆ. ಅದೇ ಅಳತೆಗೋಲನ್ನು ಮನೆಯ ಹಸಿ ಬಾಣಂತಿಗೂ ಹಿಡಿಯುವುದು ನ್ಯಾಯವೇ? ಈ ಪ್ರಶ್ನೆ ಬಹುಕಾಲದಿಂದ ನನ್ನನ್ನು ಕಾಡುತ್ತಿದೆ.

ನಮ್ಮ ಮಗಳು ಹುಟ್ಟಿದ್ದು ಮುಂಬಯಿಯಲ್ಲಿ. ಅತ್ತೆಯವರು ಊರಿನಿಂದ ಬಂದು ಒಂದು ತಿಂಗಳು ಬಾಣಂತನ ಮಾಡಿ ಹಿಂದಿರುಗಿದರು. ನಾನು ಬೆಳಿಗ್ಗೆ ಲೋಕಲ್ ಗಾಡಿ ಹಿಡಿದು ಬ್ಯಾಂಕಿಗೆ ಹೋದರೆ ಮನೆ ಸೇರುವುದು ರಾತ್ರಿ. ಮಗು ಮಲಗಿದಾಗಲೂ ಮಡದಿಗೆ ನಿದ್ರೆಯಿಲ್ಲ, ಊಟ ರುಚಿಸದು, ಮಗುವನ್ನೆತ್ತಿಕೊಂಡರೂ ಮುಖದಲ್ಲಿ ಹರ್ಷವಿಲ್ಲ. “ನಾನು ಒಳ್ಳೆಯ ತಾಯಿಯಲ್ಲ” ಎಂದು ಅಳುವಳು. “ದೇವರು ಚಿನ್ನದಂಥ ಮಗುವನ್ನು ಕೊಟ್ಟಿರುವಾಗ ಅಳುವುದು ಕೃತಘ್ನತೆ” ಎಂದು ನಾನು ಉಪದೇಶಿಸಿದೆ. ವ್ಯಾಧಿಗೆ ನಾನಿತ್ತ ಔಷಧ ನಿಂದೆ! ಲಸಿಕೆ ಹಾಕಿಸಲು ಹೋದಾಗ ಮಗುವಿನ ವೈದ್ಯರೇ ತಾಯಿಯ ಮುಖವನ್ನು ನೋಡಿ ನಮ್ಮನ್ನು ಮನೋವೈದ್ಯರಲ್ಲಿಗೆ ಕಳುಹಿಸಿದರು.

ಹೆರಿಗೆಯ ಮೊದಲ ದಿನಗಳಲ್ಲಿ ಕಣ್ಣು ತುಂಬಿಬರುವುದು ಸಾಮಾನ್ಯ. ಎರಡು ವಾರಗಳೊಳಗೆ ಅದು ತಾನೇ ಶಮನವಾಗುತ್ತದೆ. ಅದನ್ನು ಮೀರಿ ನಿಂತರೆ ಖಿನ್ನತೆಯೆಂಬ ರೋಗವಿರಬಹುದು. ಬಸಿರಿನಲ್ಲಿಯೇ ಅದು ತಲೆದೋರುವುದೂ ಉಂಟು. ಅದರ ಸುಳಿವು ಹಿಡಿಯಲು ವೈದ್ಯರು ಬಳಸುವ, 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ. ಅನಗತ್ಯವಾಗಿ ತನ್ನನ್ನೇ ದೂಷಿಸಿಕೊಳ್ಳುವಳೇ ಎಂಬುದು ಅವುಗಳಲ್ಲೊಂದು. ಎಂದಮೇಲೆ, ಅವಳ ತಪ್ಪಿಗೆ ಸಾಕ್ಷಿಯೆಂದು ನಾನು ಬಗೆದ ಮಾತು ರೋಗದ ಲಕ್ಷಣವಾಗಿತ್ತು.

ಕರ್ತವ್ಯವನ್ನು ವಿಧಿಸಬಹುದು, ಉಲ್ಲಾಸವನ್ನು ವಿಧಿಸಲಾದೀತೇ? ಹರ್ಷದ ಲವಲೇಶವಿಲ್ಲದೆಯೂ ರಾತ್ರಿ ಮತ್ತೆ ಮತ್ತೆ ಎದ್ದು ಹಾಲೂಡಿದವಳು ಅವಳೇ. ಅದು ವಾತ್ಸಲ್ಯವಲ್ಲದೆ ಮತ್ತೇನು?

ಈ ರೋಗಕ್ಕೆ ಚಿಕಿತ್ಸೆಯುಂಟು. ಆಪ್ತಸಲಹೆ, ಮನೆಯವರ ಆಸರೆ, ನಿದ್ರೆ, ಅವಶ್ಯವಿದ್ದರೆ ಔಷಧ; ಮೊಲೆಯುಣಿಸುವ ತಾಯಿಗೂ ವೈದ್ಯರು ಕೊಡಬಹುದಾದ ಔಷಧಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಅಗಲಿಸದೆ ಶುಶ್ರೂಷೆ ಮಾಡುವ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416ರಲ್ಲಿ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ತನಗೋ ಮಗುವಿಗೋ ಹಾನಿ ಮಾಡುವ ಯೋಚನೆ ಬಂದರೆ, ಅಥವಾ ಹಿರಿಯರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದ ಚಿತ್ತಭ್ರಮೆ ಕಂಡರೆ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅವಳನ್ನು ಒಂಟಿಯಾಗಿ ಬಿಡಲಾಗದು. ಹರಕೆ ಹೊರುವವರು ಹೊರಲಿ. ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡದಿರಲಿ.

ಊರಿನ ತುಂಬುಮನೆಯನ್ನು ಬಿಟ್ಟು ಬಂದ ನಮಗೆ ನೆರೆಹೊರೆಯೇ ಬಂಧುಬಳಗ. ಬಾಣಂತಿಯ ಮನೆಗೆ ಹೋದಾಗ ತೊಟ್ಟಿಲಿನತ್ತ ಬಾಗುವ ಮುನ್ನ, “ನೀನು ಹೇಗಿದ್ದೀಯಮ್ಮ?” ಎಂದು ಕೇಳೋಣ, ಉತ್ತರ ಬರುವವರೆಗೆ ಕಾಯೋಣ. ನನ್ನ ಮಡದಿ ಕೆಲವು ತಿಂಗಳುಗಳಲ್ಲಿ ಗುಣಮುಖಳಾದಳು. ನಾನಾಡಿದ ಆ ಮಾತನ್ನು ಅವಳು ಮರೆತಿರಬಹುದು, ನಾನು ಮರೆತಿಲ್ಲ.