ತಣ್ಣಗಿದ್ದಾಗ ಮಾತ್ರ ಸೋರುವುದು

ಮಿಷಿಗನ್‌ನಲ್ಲಿ ನನ್ನ ಜೊತೆಗಿರುವ ಸಾಗರದ ಗೆಳೆಯನ ಬಳಿ 30 ವರ್ಷ ದಾಟಿದ ಜಪಾನಿ ಟರ್ಬೊ ಸ್ಪೋರ್ಟ್ಸ್ ಕಾರೊಂದಿತ್ತು. ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್ ಸ್ಥಿರವಿರುತ್ತಿರಲಿಲ್ಲ. ಮುಳ್ಳು 600ಕ್ಕೆ ಬಿದ್ದು 1500ಕ್ಕೆ ಹಾರುತ್ತಿತ್ತು. ಒಳಹೋಗುವ ಗಾಳಿಯನ್ನು ಅಳೆಯುವ ಮೀಟರಿನಾಚೆ ಹೋಸೊಂದು ಬಿರಿದು, ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿತ್ತು. ಒಂದು ಭಾನುವಾರ ಹುಡುಕಿ ಬದಲಿಸಿದೆವು.

ಉಳಿದದ್ದು ಪೆಟ್ರೋಲ್ ವಾಸನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಮಾಯ. ಇಂಜೆಕ್ಟರ್‌ನ ರಬ್ಬರ್ ಉಂಗುರ ಹಳತಾಗಿ ಗಡುಸಾದರೆ ಹೀಗಾಗುವುದುಂಟು: ಚಳಿಗೆ ಕುಗ್ಗಿ ಸೋರುತ್ತದೆ, ಎಂಜಿನ್ ಕಾದಂತೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲೇ ಟರ್ಬೊ, ಜೋರಾಗಿ ಓಡಿಸಿದರೆ ಕೆಂಪಗೆ ಕಾಯುವಂಥದ್ದು.

ಕಾರು ಕೊಳ್ಳುವವನು ಬರಬೇಕಿದ್ದ ದಿನ ಗೆಳೆಯ ಅರ್ಧ ಗಂಟೆ ಮೊದಲೇ ಎಂಜಿನ್ ಚಾಲೂ ಮಾಡಿಟ್ಟ. ಕೇಳಿದ್ದಕ್ಕೆ, "ಸೋರ್ತಿದೆ ಅಂತ ನಂಗೇನ್ ಗೊತ್ತು ಮಾರಾಯ? ನಾನ್ ನೋಡೇ ಇಲ್ಲ" ಅಂದ. ನಿಜ, ಇಂಜೆಕ್ಟರ್‌ಗಳತ್ತ ಟಾರ್ಚ್ ಬಿಟ್ಟಿರಲಿಲ್ಲ. ನಾನೂ ಬಿಟ್ಟಿರಲಿಲ್ಲ.

1877ರಲ್ಲಿ ಕ್ಲಿಫರ್ಡ್ ಬರೆದ ಪ್ರಬಂಧದಲ್ಲಿ ಹಡಗಿನ ಒಡೆಯನೊಬ್ಬನಿದ್ದಾನೆ. ಅನುಮಾನಗಳನ್ನು ಅದುಮಿ, ಹಡಗು ಗಟ್ಟಿಯಿದೆಯೆಂದು ಮನಸಾರೆ ನಂಬಿ ಕಳಿಸುತ್ತಾನೆ, ಅದು ಮುಳುಗುತ್ತದೆ. ವಿದ್ಯಾರ್ಥಿಗಳೆದುರು ಅವನನ್ನು ತಪ್ಪಿತಸ್ಥನೆನ್ನುವುದು ನನಗೆ ಸಲೀಸು. ಗೆಳೆಯನದು ಇನ್ನೂ ಜಾಣತನ. ಅವನು ಏನನ್ನೂ ನಂಬಿರಲಿಲ್ಲ, ನೋಡಬೇಕಾದ ಹೊತ್ತನ್ನೇ ತಪ್ಪಿಸಿದ್ದ. "ಗೊತ್ತಿಲ್ಲ" ಎನ್ನುವುದಕ್ಕೂ ಅರ್ಧ ಗಂಟೆ ದುಡಿದಿದ್ದ! ಅದನ್ನು ಬರೀ ಅಜ್ಞಾನ ಎನ್ನಲು ನನಗೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ನಿಂತು ಸುಮ್ಮನಿದ್ದ ನನ್ನದನ್ನೂ.

ಬಂದವನಿಗೆ, ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬನ್ನಿ, ಟಾರ್ಚ್ ತನ್ನಿ ಅಂದೆ. ಗೆಳೆಯ ಎರಡು ದಿನ ಮಾತಾಡಲಿಲ್ಲ.